ಎಂಜಿನ್ನಿಗೂ ಬೇಕು ತಂಗಾಳಿ

ಹೋದ ಮಳೆಗಾಲದಲ್ಲಿ ಮಂಗಳೂರಿನಿಂದ ವಾಪಸ್ ಬರುತ್ತಾ ಶಿರಾಡಿ ಘಾಟಿ ಹತ್ತುತ್ತಿದ್ದೆ. ಗುಂಡ್ಯ ದಾಟಿ ಏರು ಶುರುವಾಗುತ್ತಿದ್ದಂತೆ ನನ್ನ ಡೀಸೆಲ್ ಕಾರಿನ ಜೀವವೇ ಹೋದಂತಾಯಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎಳೆತವಿಲ್ಲ. ಹಿಂದೆ ಕಪ್ಪು ಹೊಗೆ. ಬಾನೆಟ್ ಒಳಗಿಂದ ಬುಸ್ಸೆನ್ನುವ ಸದ್ದು. ತೆವಳಿಕೊಂಡು ಸಕಲೇಶಪುರ ಸೇರಿದಾಗ ಕತ್ತಲಾಗಿತ್ತು.

ಅಲ್ಲಿನ ಮೆಕ್ಯಾನಿಕ್ ಎಂಜಿನ್ ಮುಟ್ಟಲೇ ಇಲ್ಲ. ಟಾರ್ಚ್ ಹಿಡಿದು, ಕೈಮುಷ್ಟಿಯಷ್ಟು ದಪ್ಪದ ಒಂದು ರಬ್ಬರ್ ಹೋಸನ್ನು ಸವರುತ್ತಾ ಹೋದರು. ಕ್ಲಾಂಪಿನ ಹತ್ತಿರ ಅವರ ಬೆರಳು ಒಂದು ಸೀಳಿನೊಳಗೆ ಇಳಿಯಿತು. ಸುತ್ತ ಎಣ್ಣೆಯ ಪಸೆ ಹಿಡಿದು ಧೂಳು ಮೆತ್ತಿಕೊಂಡಿತ್ತು. ‘ನೋಡಿ ಸಾರ್, ಗಾಳಿಯೆಲ್ಲ ಇಲ್ಲೇ ಹೋಗ್ತಿದೆ. ಡೀಸೆಲ್ ಬರ್ತಿದೆ, ಉರಿಯೋಕೆ ಗಾಳಿ ಇಲ್ಲ’ ಎಂದರು.

ಮೈಲೇಜ್ ಎಷ್ಟು, ಪೆಟ್ರೋಲ್ ದರ ಎಷ್ಟು ಎಂದು ದಿನವೂ ಮಾತಾಡುವ ನಾವು ಎಂಜಿನ್ ಕುಡಿಯುವ ಗಾಳಿಯನ್ನು ನೆನೆಯುವುದೇ ಇಲ್ಲ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರ್ ಪೆಟ್ರೋಲಿಗೆ 9 ಸಾವಿರ ಲೀಟರಿಗೂ ಹೆಚ್ಚು ಗಾಳಿ. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು. ಗಾಳಿಯನ್ನು ತುಂಬುವುದೇ ಕಷ್ಟ, ಏಕೆಂದರೆ ಸಿಲಿಂಡರಿನ ಜಾಗ ಅಷ್ಟೇ. ಆ ಜಾಗದಲ್ಲಿ ಎಷ್ಟು ಗಾಳಿ ಹಿಡಿಯುತ್ತದೆ ಎಂಬುದನ್ನು ಅದರ ಬಿಸಿ ತೀರ್ಮಾನಿಸುತ್ತದೆ. ಡಿಸೆಂಬರಿನ ಬೆಳಗಿನ ಜಾವದ 10 ಡಿಗ್ರಿ ಗಾಳಿಗೂ ಕಲಬುರಗಿಯ ಮೇ ತಿಂಗಳ 42 ಡಿಗ್ರಿ ಗಾಳಿಗೂ ಸಾಂದ್ರತೆಯಲ್ಲಿ ಹತ್ತಿರಹತ್ತಿರ ಶೇ 10ರಷ್ಟು ವ್ಯತ್ಯಾಸವಿದೆ. ಚಳಿಯಲ್ಲಿ ಗಾಡಿ ಚೆನ್ನಾಗಿ ಓಡುತ್ತದೆ ಎಂದು ಡ್ರೈವರುಗಳು ಹೇಳುವುದು ಬರೀ ಭ್ರಮೆಯಲ್ಲ.

ಹಾಗಾದರೆ ಬೆಂಗಳೂರಿನ ತಂಪು ಎಂಜಿನ್ನಿಗೆ ವರವೇ? ಅಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಅಲ್ಲಿನ ಗಾಳಿಯ ಒತ್ತಡವೇ ಮಂಗಳೂರಿಗಿಂತ ಶೇ 10ರಷ್ಟು ಕಡಿಮೆ. ಮಂಗಳೂರಿನ ಸೆಕೆಯಲ್ಲಿ ಕಳೆದುಕೊಳ್ಳುವುದಕ್ಕಿಂತ ಬೆಂಗಳೂರಿನ ಎತ್ತರದಲ್ಲಿ ಕಳೆದುಕೊಳ್ಳುವುದೇ ಜಾಸ್ತಿ. ಟರ್ಬೊ ಇಲ್ಲದ ಕಾರು ಕರಾವಳಿಗೆ ಇಳಿದರೆ ಹುರುಪಾಗುವುದಕ್ಕೆ ಕಾರಣ ಇದೇ.

ಈ ಕೊರತೆ ತುಂಬಲು ಬಂದದ್ದು ಟರ್ಬೊ. ಹೊರಹೋಗುವ ಹೊಗೆಯ ಬಿಸಿ ಮತ್ತು ರಭಸದಿಂದಲೇ ಒಂದು ಚಕ್ರ ತಿರುಗಿಸಿ, ಅದರಿಂದ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಉಪಾಯ. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದವರ ಕೈಗೆ ಇದು ಗೊತ್ತು. 35 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ ಅದು ಸುಮಾರು 130 ಡಿಗ್ರಿ ಮುಟ್ಟುತ್ತದೆ. ಒಂದು ಕೈಯಲ್ಲಿ ಕೊಟ್ಟದ್ದರಲ್ಲಿ ಒಂದಿಷ್ಟನ್ನು ಟರ್ಬೊ ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಆಗ ಬೇಕಾಗುವುದು ಇಂಟರ್‌ಕೂಲರ್. ನೋಡಲು ರೇಡಿಯೇಟರಿನ ತಮ್ಮನಂತೆ, ಒಳಗೆ ನೀರಿನ ಬದಲು ಗಾಳಿ. ಮುಂದಿನ ಬಂಪರಿನ ಹಿಂದೆ ಕೂತು, ಎದುರುಗಾಳಿಗೆ ಮೈಯೊಡ್ಡಿ, 130 ಡಿಗ್ರಿಯನ್ನು 55ಕ್ಕೆ ಇಳಿಸಿದರೂ ಸಿಲಿಂಡರಿಗೆ ಸೇರುವ ಗಾಳಿ ಶೇ 20ಕ್ಕಿಂತ ಹೆಚ್ಚುತ್ತದೆ. ಟಾಟಾ ಲಾರಿಗಳ ಎಂಜಿನ್ ಹೆಸರಿನಲ್ಲಿ ‘ಟಿಸಿಐಸಿ’ ಎಂಬ ಅಕ್ಷರಗಳು ಬರುತ್ತವಲ್ಲ, ಅದರಲ್ಲಿನ ‘ಐಸಿ’ ಇದೇ. ನನ್ನ ಕಾರಿನಲ್ಲಿ ಸೀಳಿದ್ದ ಹೋಸ್ ಟರ್ಬೊದಿಂದ ಈ ಇಂಟರ್‌ಕೂಲರಿಗೆ ಗಾಳಿ ಒಯ್ಯುವಂಥದ್ದು.

ಇದರ ಫಲವನ್ನು ಆಡಿ ಕಂಪನಿಯ ಎರಡು ಕಾರುಗಳಲ್ಲಿ ನೋಡಬಹುದು. 1980ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಬಂದ ಆಡಿ ಕ್ವಾಟ್ರೊ ರ‍್ಯಾಲಿ ಜಗತ್ತನ್ನೇ ಬದಲಿಸಿತು. ಅದರ ಐದು ಸಿಲಿಂಡರಿನ 2.1 ಲೀಟರ್ ಎಂಜಿನ್ ಮೂಲದಲ್ಲಿ ಆಡಿ 200 ಕಾರಿನದು. ಅಲ್ಲಿ ಇಂಟರ್‌ಕೂಲರ್ ಇಲ್ಲದೆ ಕೊಡುತ್ತಿದ್ದ ಬಲ 170 ಅಶ್ವಶಕ್ತಿ. ಇಂಟರ್‌ಕೂಲರ್ ಹೊತ್ತ ಕ್ವಾಟ್ರೊದಲ್ಲಿ 200. ಎಂಜಿನ್ ದೊಡ್ಡದು ಮಾಡದೆ ಸಿಕ್ಕ ಲಾಭ ಅದು.

ಪೆಟ್ರೋಲ್ ಎಂಜಿನ್ನಿಗೆ ತಂಪಿನ ಅಗತ್ಯ ಇನ್ನೂ ಹೆಚ್ಚು. ಬಿಸಿ ಗಾಳಿ, ಹೆಚ್ಚು ಒತ್ತಡ ಎರಡೂ ಸೇರಿದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಸಿಡಿಯುತ್ತದೆ. ಟಕಟಕ ಕುಟ್ಟಿದಂತೆ ಕೇಳುವ ಇದನ್ನೇ ನಾಕಿಂಗ್ ಎನ್ನುವುದು, ಅತಿಯಾದರೆ ಪಿಸ್ಟನ್ನೇ ಒಡೆಯಬಹುದು. ಇಂದಿನ ಕಾರುಗಳ ಕಂಪ್ಯೂಟರ್ ಗಾಳಿಯ ಬಿಸಿ ಅಳೆಯುತ್ತಾ, ಅಪಾಯ ಕಂಡೊಡನೆ ಸ್ಪಾರ್ಕ್ ಹೊತ್ತುವುದನ್ನು ತಡಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಬಲ ಇಳಿಯುತ್ತದೆ. ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ನಿಂತ ಟರ್ಬೊ ಪೆಟ್ರೋಲ್ ಕಾರು ದಾರಿ ಬಿಟ್ಟ ಕೂಡಲೇ ಮಂಕಾಗಿ ಓಡುವುದು ಇದರಿಂದಲೇ.

ಈ ಕಾಟಕ್ಕೆ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ 1962ರಲ್ಲೇ ಒಂದು ಮದ್ದು ಹುಡುಕಿತ್ತು. ಅದರ ಜೆಟ್‌ಫೈರ್, ಟರ್ಬೊ ಹೊತ್ತು ಮಾರುಕಟ್ಟೆಗೆ ಬಂದ ಮೊದಲ ಕಾರುಗಳಲ್ಲೊಂದು. 3.5 ಲೀಟರಿನ ವಿ8 ಎಂಜಿನ್, 215 ಅಶ್ವಶಕ್ತಿ. ಇಂಟರ್‌ಕೂಲರ್ ಇರಲಿಲ್ಲ. ಅದರ ಬದಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಗಾಳಿಯ ದಾರಿಗೆ ಸಿಂಪಡಿಸುತ್ತಿದ್ದರು. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಕ್ರಮವೇ ಇಲ್ಲಿಯೂ. ನೀರು ಆವಿಯಾಗಲು ಬೇಕಾದ ಶಾಖವನ್ನು ಸುತ್ತಲಿನಿಂದ ಹೀರುತ್ತದೆ, ಕಿಲೋಗೆ ಸುಮಾರು 2,260 ಕಿಲೋಜೌಲ್. ಎಂಜಿನಿಯರುಗಳ ಲೆಕ್ಕ ಸರಿಯಾಗಿತ್ತು. ತಪ್ಪಿದ್ದು ಮನುಷ್ಯರ ಅಂದಾಜು. ಆ ದ್ರವದ ಟ್ಯಾಂಕನ್ನು ಆಗಾಗ ತುಂಬಿಸಬೇಕಿತ್ತು. ಕೊಂಡವರು ಮರೆತರು. ಟ್ಯಾಂಕ್ ಖಾಲಿಯಾದರೆ ಎಂಜಿನ್ ತನ್ನ ಬಲವನ್ನು ತಾನೇ ಕತ್ತರಿಸಿಕೊಳ್ಳುತ್ತಿತ್ತು, ಗಿರಾಕಿಗಳು ಕಾರು ಕೆಟ್ಟಿತೆಂದು ದೂರು ತಂದರು. ಕೊನೆಗೆ ಎಷ್ಟೋ ಕಾರುಗಳ ಟರ್ಬೊ ಬಿಚ್ಚಿ ಸಾದಾ ಕಾರ್ಬ್ಯುರೇಟರ್ ಕೂರಿಸಿಕೊಡಬೇಕಾಯಿತು. ಎರಡನೇ ವರ್ಷಕ್ಕೆ ಜೆಟ್‌ಫೈರ್ ನಿಂತೇಹೋಯಿತು.

ಉಪಾಯ ಮಾತ್ರ ಸಾಯಲಿಲ್ಲ. ಬಿಎಂಡಬ್ಲ್ಯು 2015ರಲ್ಲಿ ಪರಿಚಯಿಸಿದ ಎಂ4 ಜಿಟಿಎಸ್ ಡಿಕ್ಕಿಯಲ್ಲಿ 5 ಲೀಟರಿನ ನೀರಿನ ಟ್ಯಾಂಕ್ ಇಟ್ಟುಕೊಂಡು 500 ಅಶ್ವಶಕ್ತಿ ಕೊಟ್ಟಿತು. 2018ರ ಡಾಜ್ ಚಾಲೆಂಜರ್ ಡೀಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾರಿನ ಒಳಗಿನ ಎಸಿಯ ತಂಪನ್ನು ಕೂತವರಿಂದ ಕಿತ್ತು ಎಂಜಿನ್ನಿನ ಗಾಳಿಗೆ ತಿರುಗಿಸಿತು.

ಇಷ್ಟೆಲ್ಲ ಓದಿದ ಹುಡುಗರು ಮಾಡುವ ಮೊದಲ ಕೆಲಸ, ಬಿಡಿಭಾಗದ ಅಂಗಡಿಯಿಂದ ‘ಕೋಲ್ಡ್ ಏರ್ ಇಂಟೇಕ್’ ತಂದು ಹಾಕಿಸುವುದು. ನಾನು ಬೇಡ ಎನ್ನುತ್ತೇನೆ. ಕಂಪನಿಯ ಏರ್ ಫಿಲ್ಟರ್ ಡಬ್ಬಿಯ ಮೂತಿ ಸಾಮಾನ್ಯವಾಗಿ ಗ್ರಿಲ್ಲಿನ ಹತ್ತಿರ, ಹೊರಗಿನ ತಂಪು ಗಾಳಿಗೇ ತೆರೆದಿರುತ್ತದೆ. ಅದನ್ನು ಕಿತ್ತು ಬಾನೆಟ್ ಒಳಗೆ ಬಯಲಾಗಿ ಕೂರಿಸಿದ ಫಿಲ್ಟರ್, ಎಂಜಿನ್ ಸುತ್ತ ಕುದಿಯುವ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಸದ್ದು ಗಡುಸಾಗುತ್ತದೆ, ಬಲ ಹೆಚ್ಚಿತೆಂದು ಕಿವಿ ನಂಬುತ್ತದೆ. ತಂಪು ಸಿಗಲೆಂದು ಫಿಲ್ಟರನ್ನು ಬಂಪರಿನ ಕೆಳಗೆ ಇಳಿಸುವುದು ಅದಕ್ಕಿಂತ ಅಪಾಯ. ಬೆಂಗಳೂರಿನ ಅಂಡರ್‌ಪಾಸಿನಲ್ಲಿ ಮಳೆನೀರು ನಿಂತ ದಿನ ಎಂಜಿನ್ ಗಾಳಿಯ ಬದಲು ನೀರು ಎಳೆದುಕೊಳ್ಳುತ್ತದೆ. ನೀರನ್ನು ಪಿಸ್ಟನ್ ಹಿಂಡಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕಂಪನಿಯವರು ಆ ಮೂತಿಯನ್ನು ಎತ್ತರದಲ್ಲಿ ಇಟ್ಟಿರುವುದು ಸುಮ್ಮನೆ ಅಲ್ಲ.

ನಿಮ್ಮದು ಟರ್ಬೊ ಕಾರಾದರೆ ಮುಂದಿನ ಸರ್ವಿಸ್ಸಿಗೆ ಕೊಡುವಾಗ ಮೂರು ಮಾತು ಹೇಳಿ. ಇಂಟರ್‌ಕೂಲರಿನ ರೆಕ್ಕೆಗಳಲ್ಲಿ ಸಿಕ್ಕ ಹುಳ, ಎಲೆ, ಕೆಸರನ್ನು ಮೆಲ್ಲಗೆ ತೊಳೆಯಲಿ. ಜೋರು ಪ್ರೆಶರಿನ ನೀರು ಬೇಡ, ರೆಕ್ಕೆ ಮಡಚಿಕೊಳ್ಳುತ್ತದೆ. ಏರ್ ಫಿಲ್ಟರ್ ತೆಗೆದು ನೋಡಲಿ. ಟರ್ಬೊದ ರಬ್ಬರ್ ಹೋಸುಗಳನ್ನು ಕ್ಲಾಂಪಿನ ಹತ್ತಿರ ಬೆರಳಾಡಿಸಿ ಪರೀಕ್ಷಿಸಲಿ. ಸಕಲೇಶಪುರದಲ್ಲಿ ಹೊಸ ಹೋಸ್ ಹಾಕಿಸಿಕೊಂಡು ಹೊರಟ ನನ್ನ ಕಾರು, ಹಾಸನದ ದಾರಿಯಲ್ಲಿ ಮೊದಲಿನ ಹಾಗೆಯೇ ಎಳೆಯಿತು.