ಮನೆಯ ವಿಡಿಯೋದಲ್ಲಿ ಬೇಡದ ಸದ್ದು

ಊರಿನಲ್ಲಿರುವ ಅಜ್ಜಿಗೆ ಮೊಮ್ಮಗುವಿನ ಹಾಡನ್ನು ಕಳುಹಿಸಬೇಕೆಂಬ ಆಸೆಯಿಂದ ಮೊಬೈಲಿನಲ್ಲಿ ವಿಡಿಯೋ ತೆಗೆದು, ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಿ, ಕೊನೆಗೆ ಕೇಳಿದರೆ ಹಾಡಿಗಿಂತ ಕೂಲರಿನ ಸದ್ದೇ ಮುಂದಾಗಿರುವ ಅನುಭವವು ನಮ್ಮ ವಾಚಕರಲ್ಲಿ ಅನೇಕರಿಗೆ ಆಗಿರಬಹುದು. ಮುನಿರ್ಕಾದ ಒಂದೇ ಕೋಣೆಯಲ್ಲಿ ನಾಲ್ವರು ಕೂಡಿ ವಾಸಿಸುವ ಹೋಟೆಲು ಕೆಲಸಗಾರರಿಗಾಗಲಿ, ಲಕ್ಷ್ಮೀನಗರದ ಬಾಡಿಗೆಮನೆಯಲ್ಲಿರುವ ಗುಮಾಸ್ತರಿಗಾಗಲಿ ನಿಶ್ಶಬ್ದವಾದ ಸ್ಥಳ ದೊರೆಯುವುದು ದುರ್ಲಭವೇ ಸರಿ. ಈ ಸದ್ದನ್ನು ನೀಗುವ ಬಗೆಯನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಷ್ಟ ಅನುಭವಿಸಿ ಕಲಿತೆನು.

ನಮ್ಮ ತೀರ್ಥರೂಪರು ತಾವು ದಿಲ್ಲಿಗೆ ಬಂದು ಹೋಟೆಲು ಹಾಕಿದ ಕಥೆಯನ್ನು ಒಂದು ಮಧ್ಯಾಹ್ನ ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಹೇಳಿದ್ದರು. 20 ನಿಮಿಷಗಳ ಆ ಮಾತನ್ನು ಮೊಬೈಲಿನಲ್ಲಿ ಹಿಡಿದಿದ್ದೆನು. ಹಿಂದೆ ಹಿಟ್ಟು ರುಬ್ಬುವ ಗ್ರೈಂಡರು ತಿರುಗುತ್ತಲೇ ಇತ್ತು. ಅವರು ಕಾಲವಾದ ಮೇಲೆ ಬಂಧುಗಳಿಗೆ ತೋರಿಸಬೇಕೆಂದು, ಸದ್ದು ತೆಗೆಯುವ ಸಾಧನವನ್ನು ಅದರ ಪೂರ್ಣ ಬಲದಲ್ಲಿ ಒಂದಲ್ಲ ಎರಡು ಬಾರಿ ಪ್ರಯೋಗಿಸಿದೆನು. ಗ್ರೈಂಡರೇನೋ ಅಡಗಿತು. ಆದರೆ ತಂದೆಯವರ ಮಾತು ನೀರಿನೊಳಗಿಂದ ಬಂದಂತಾಯಿತು. ಸ, ಶ, ಷ ಎಂಬ ಅಕ್ಷರಗಳು ಅಳಿಸಿಹೋದುವು. ಮೊಬೈಲಿನಲ್ಲಿ ಜಾಗವಿಲ್ಲವೆಂದು ಮೂಲವನ್ನು ಅಷ್ಟರಲ್ಲಿ ಅಳಿಸಿಬಿಟ್ಟಿದ್ದೆನು. ನಮ್ಮಲ್ಲಿ ಸಪ್ಲೈಯರಾಗಿದ್ದ ಹುಡುಗನೊಬ್ಬನು ಊರಿಗೆ ಕಳುಹಿಸಿದ್ದ 6 ನಿಮಿಷಗಳ ತುಣುಕು ಮಾತ್ರ ಸ್ವಚ್ಛವಾಗಿ ದೊರೆಯಿತು. ಉಳಿದ 14 ನಿಮಿಷಗಳು ಇಂದಿಗೂ ಆ ನೀರಿನೊಳಗಿನ ಮಾತಾಗಿಯೇ ಉಳಿದಿವೆ.

ಆದುದರಿಂದ ನನ್ನ ಮೊದಲನೆಯ ಸಲಹೆ: ಮೂಲವನ್ನು ಎರಡು ಕಡೆ ಇಟ್ಟುಕೊಳ್ಳದೆ ಅದರ ಪ್ರತಿಗೆ ಕೈಹಚ್ಚಬಾರದು.

ಎರಡನೆಯದಾಗಿ, ಸದ್ದು ಹುಟ್ಟಿದ್ದೆಲ್ಲಿ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಮೂಲ ವಿಡಿಯೋವನ್ನು ಕಿವಿಗೆ ಇಯರ್‌ಫೋನು ಹಾಕಿಕೊಂಡು ಕೇಳಿರಿ. ಅಲ್ಲಿ ಸದ್ದಿಲ್ಲದಿದ್ದರೆ ಅದು ಸಂಕಲನದಲ್ಲಿ ಸೇರಿದ್ದೆಂದು ತಿಳಿಯಬೇಕು. ಆಗ ಧ್ವನಿಯ ಪಟ್ಟಿಗಳನ್ನು ಒಂದೊಂದಾಗಿ ಮೌನಗೊಳಿಸುತ್ತ ಹೋದರೆ ಕಳ್ಳನು ಸಿಕ್ಕುವನು. ಹಿನ್ನೆಲೆ ಸಂಗೀತದ ಕೆಳಗೆ ಕ್ಯಾಮರಾದ ಧ್ವನಿಯೂ ನಡೆಯುತ್ತಿರುವುದು ಸಾಮಾನ್ಯವಾದ ಕಾರಣ. ದನಿಯನ್ನು ಅತಿಯಾಗಿ ಏರಿಸಿ, ಅಳತೆಯ ಪಟ್ಟಿ ಸೊನ್ನೆ ಡೆಸಿಬೆಲ್ ದಾಟಿ ಕೆಂಪಾದರೆ ಮಾತು ಒಡೆದು ಕೇಳಿಸುತ್ತದೆ; ಅದನ್ನು ತಗ್ಗಿಸಿದರೆ ಸಾಕು. ಹಳೆಯ ಕಂಪ್ಯೂಟರಿನಲ್ಲಿ ಚಟಪಟ ಸದ್ದು ಕೆಲಸ ಮಾಡುವಾಗ ಮಾತ್ರ ಕೇಳಿಸಿ, ಸಿದ್ಧವಾದ ವಿಡಿಯೋದಲ್ಲಿ ಇಲ್ಲದಿರುವುದೂ ಉಂಟು. ಆದ್ದರಿಂದ ಒಂದು ನಿಮಿಷದಷ್ಟನ್ನು ಹೊರತೆಗೆದು ಕೇಳಿದ ಹೊರತು ಚಿಕಿತ್ಸೆಗೆ ತೊಡಗಬೇಡಿರಿ.

ಸದ್ದು ಮೂಲದಲ್ಲಿಯೇ ಇದ್ದರೆ ಅದರ ಜಾತಿಯನ್ನು ನೋಡಬೇಕು. ಫ್ಯಾನು, ಕೂಲರು, ಫ್ರಿಜ್ಜು, ಇನ್ವರ್ಟರುಗಳದು ಒಂದೇ ಸಮನೆ ನಡೆಯುವ ಸದ್ದು. ಇದು ಚಿಕಿತ್ಸೆಗೆ ಬಗ್ಗುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದಾದುದರಿಂದ ವಿದ್ಯುತ್ತಿನ ಗುಂಯ್‌ಗುಡುವಿಕೆ 50, 100, 150 ಹರ್ಟ್ಸುಗಳಲ್ಲಿ ನೆಲೆಸಿರುತ್ತದೆ. ಲ್ಯಾಪ್‌ಟಾಪಿಗೆ ಮೈಕು ಸಿಕ್ಕಿಸಿ ಮಾತನಾಡುವಾಗ ಈ ಸದ್ದು ಬಂದರೆ ಚಾರ್ಜರನ್ನು ಕಿತ್ತು ನೋಡಿರಿ. ಎಷ್ಟೋ ಸಲ ಅಷ್ಟರಿಂದಲೇ ನಿಂತುಹೋಗುತ್ತದೆ. ಬೀದಿಯ ಹಾರನ್ನು, ಮದುವೆಯ ಬ್ಯಾಂಡು, ಪಾತ್ರೆ ಬಿದ್ದ ಸಪ್ಪಳ ಇವು ಬಂದುಹೋಗುವ ಸದ್ದುಗಳು. ಇವಕ್ಕೆ ಮುಂದೆ ಹೇಳುವ ಉಪಾಯ ನಾಟುವುದಿಲ್ಲ. ಯಾರೂ ಮಾತನಾಡದಿರುವ ಕಡೆ ಅವು ಬಿದ್ದಿದ್ದರೆ ಅಷ್ಟನ್ನು ತಗ್ಗಿಸಬಹುದು. ಮಾತಿನ ಮೇಲೆಯೇ ಬಿದ್ದಿದ್ದರೆ ಸಹಿಸಿಕೊಳ್ಳುವುದೇ ಲೇಸು. ಮೈಕಿನ ಹತ್ತಿರ ಕೂಗಿದ್ದರಿಂದ ಮೂಲದಲ್ಲಿಯೇ ಒಡೆದುಹೋದ ದನಿಯನ್ನಂತೂ ಪೂರ್ತಿ ಸರಿಪಡಿಸಲು ಬಾರದು.

ಒಂದೇ ಸಮನೆಯ ಸದ್ದಿಗೆ ಉಪಾಯವಿದು. 2000ನೆಯ ಇಸವಿಯಲ್ಲಿ ಹೊರಬಂದ ಆಡಾಸಿಟಿ ಎಂಬ ತಂತ್ರಾಂಶವು ಇಂದಿಗೂ ಉಚಿತವಾಗಿ ದೊರೆಯುತ್ತದೆ. ವಿಡಿಯೋದಿಂದ ಧ್ವನಿಯನ್ನು ಮಾತ್ರ ವೇವ್ ಕಡತವಾಗಿ ಬೇರ್ಪಡಿಸಿ ಅದರಲ್ಲಿ ತೆರೆಯಬೇಕು. ಯಾರೂ ಮಾತನಾಡದೆ ಬರಿಯ ಸದ್ದಷ್ಟೇ ಇರುವ ಒಂದೆರಡು ಸೆಕೆಂಡುಗಳನ್ನು ಗುರುತಿಸಿ, ನಾಯ್ಸ್ ರಿಡಕ್ಷನ್ ಎಂಬಲ್ಲಿ ಅದರ ಮಾದರಿಯನ್ನು ಕೊಡಬೇಕು. ಬಳಿಕ ಇಡೀ ಧ್ವನಿಯನ್ನು ಆರಿಸಿ ಅದೇ ಸಾಧನವನ್ನು ಮತ್ತೆ ತೆರೆದು ನಡೆಸಬೇಕು. ಮೊದಲು 6 ಡೆಸಿಬೆಲ್ ತಗ್ಗಿಸಿ ಕೇಳಿರಿ. ಸಾಲದಿದ್ದರೆ 12ಕ್ಕೆ ಹೋಗಿರಿ. ಅದಕ್ಕಿಂತ ಮುಂದೆ ಹೋಗುವ ಮುನ್ನ ನನ್ನ 14 ನಿಮಿಷಗಳನ್ನು ನೆನೆದುಕೊಳ್ಳಿರಿ. ಆಮೇಲೆ ಶುದ್ಧವಾದ ಧ್ವನಿಯನ್ನು ಚಿತ್ರದ ಕೆಳಗೆ ಜೋಡಿಸಿ ಹಳೆಯದನ್ನು ಮೌನಗೊಳಿಸಬೇಕು.

ಬಲ ಹೆಚ್ಚಾದರೆ ಮಾತೇಕೆ ಕೆಡುತ್ತದೆ? ಸಾಧನಕ್ಕೆ ತಂದೆಯೆಂದೂ ಗ್ರೈಂಡರೆಂದೂ ಭೇದ ತಿಳಿಯದು. ಕೊಟ್ಟ ಮಾದರಿಯ ಮಟ್ಟಕ್ಕೆ ಸಮನಾಗಿ ಕಂಡುದನ್ನೆಲ್ಲ ಅದು ತಗ್ಗಿಸುತ್ತದೆ. ಸಕಾರ ಶಕಾರಗಳು ಗಾಳಿಯ ಸದ್ದನ್ನು ಹೋಲುವ ಅಕ್ಷರಗಳಾದುದರಿಂದ ಮೊದಲು ಬಲಿಯಾಗುವುವು ಅವೇ. ಸಾರಿಗೆ ಉಪ್ಪು ಹೆಚ್ಚಾದಾಗ ಉಪ್ಪನ್ನಷ್ಟೇ ಸೌಟಿನಲ್ಲಿ ಎತ್ತಿ ತೆಗೆಯಲು ಯಾವ ಅಡಿಗೆಭಟ್ಟನಿಂದಲೂ ಆಗದು. ನೀರು ಬೆರೆಸಿದರೆ ರುಚಿಯೂ ಹೋಗುವುದು. ಇದೂ ಹಾಗೆಯೇ.

ಪರಿಹಾರವು ಧ್ವನಿ ಹಿಡಿಯುವ ಸಮಯದಲ್ಲಿಯೇ ಆರಂಭವಾಗಬೇಕೆಂಬುದಕ್ಕೆ ಒಂದು ದೊಡ್ಡ ನಿದರ್ಶನವಿದೆ. ಅದಕ್ಕೆ ನಮ್ಮ ದೇಶದ ನಂಟೂ ಉಂಟು. ರೇ ಡಾಲ್ಬಿ ಎಂಬ ಅಮೆರಿಕದ ಎಂಜಿನಿಯರು 1963ರಿಂದ 1965ರವರೆಗೆ ಯುನೆಸ್ಕೋದ ಸಲಹೆಗಾರರಾಗಿ ಭಾರತದಲ್ಲಿದ್ದು, ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣ ಸಂಸ್ಥೆಗಾಗಿ ಕೆಲಸ ಮಾಡಿದರು. 1965ರಲ್ಲಿ ಅವರು ಲಂಡನ್ನಿನಲ್ಲಿ ತಮ್ಮ ಪ್ರಯೋಗಾಲಯವನ್ನು ತೆರೆದು, ಟೇಪಿನ ಸುಯ್ ಎಂಬ ಸದ್ದನ್ನು ತಗ್ಗಿಸುವ ಪದ್ಧತಿಯನ್ನು ಬಳಕೆಗೆ ತಂದರು. ಟೇಪಿಗೆ ಏರಿಸುವಾಗಲೇ ಮೆಲ್ಲನೆಯ ಸ್ವರಗಳನ್ನು ಎತ್ತರಿಸುವುದು, ಕೇಳುವಾಗ ಅಷ್ಟೇ ಪ್ರಮಾಣದಲ್ಲಿ ತಗ್ಗಿಸುವುದು, ಇದೇ ಅದರ ತತ್ತ್ವ. ಸ್ವರವು ತನ್ನ ಮಟ್ಟಕ್ಕೆ ಬರುವುದು. ನಡುವೆ ಸೇರಿದ ಟೇಪಿನ ಸದ್ದು ಮಾತ್ರ ಅದರೊಡನೆ ಕೆಳಗಿಳಿಯುವುದು. ಅಂಥ ನಿಪುಣರೂ ಮುಂಜಾಗ್ರತೆಯನ್ನೇ ನಂಬಿದರು.

ನಮ್ಮ ಪಾಲಿನ ಮುಂಜಾಗ್ರತೆಗೆ ಕಾಸಿನ ವೆಚ್ಚವಿಲ್ಲ. ಹತ್ತು ನಿಮಿಷ ಫ್ಯಾನು, ಕೂಲರುಗಳನ್ನು ನಿಲ್ಲಿಸಿರಿ. ಮೊಬೈಲು ಮಾತನಾಡುವವರಿಂದ ಒಂದು ತೋಳಿನಳತೆಗಿಂತ ದೂರವಿರದಿರಲಿ. ದೂರ ಹೆಚ್ಚಿದಂತೆ ಮಾತು ಕ್ಷೀಣಿಸುವುದೇ ಹೊರತು ಕೋಣೆಯ ಸದ್ದು ಕ್ಷೀಣಿಸದು. ಕಿಟಕಿಗೆ ದಪ್ಪನೆಯ ಕಂಬಳಿ ಕಟ್ಟಿರಿ. ಮಾತಿಗೆ ಮೊದಲು 10 ಸೆಕೆಂಡು ಎಲ್ಲರೂ ಸುಮ್ಮನಿದ್ದು ಕೋಣೆಯ ಸದ್ದನ್ನಷ್ಟೇ ಹಿಡಿಯಿರಿ. ಮುಂದೆ ಮಾದರಿಗೆ ಅದೇ ಒದಗುವುದು.

ಇಷ್ಟು ಹೇಳಿದ ಮೇಲೂ ಒಂದು ಮಾತು. ನಿಶ್ಶಬ್ದವಾದ ಸ್ಥಳ ಸಿಕ್ಕಲೆಂದು ಕಾಯುತ್ತ ಹಿರಿಯರ ಮಾತನ್ನು ಮುಂದಕ್ಕೆ ಹಾಕಬೇಡಿರಿ. ಸದ್ದಿದ್ದರೂ ಚಿಂತೆಯಿಲ್ಲ, ಈ ಸಲ ಊರಿಗೆ ಹೋದಾಗಲೇ ಹಿಡಿದಿಡಿರಿ. ನನ್ನ ಬಳಿ ಉಳಿದ 6 ನಿಮಿಷಗಳಲ್ಲಿ ಗ್ರೈಂಡರು ಗಟ್ಟಿಯಾಗಿಯೇ ಕೇಳಿಸುತ್ತದೆ. ತಂದೆಯವರ ಒಂದೊಂದು ಅಕ್ಷರವೂ ಅದರ ಜೊತೆಗೆ ಕೇಳಿಸುತ್ತದೆ. ಆ ಹೋಟೆಲು ಈಗ ಇಲ್ಲ. ಅದನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ.