ಸೈಡ್ ವೀಲ್ ಸ್ಕೂಟಿಗೂ ಡಿಎಲ್ ಇದೆ

ಪೋಲಿಯೋದಿಂದ ಕಾಲಿನ ಶಕ್ತಿ ಹೋದವರಿಗೆ ಡಿಎಲ್ ಸಿಗಲ್ಲ ಅಂತ ನಮ್ಮಲ್ಲಿ ಸುಮಾರು ಜನ ನಂಬಿದ್ದಾರೆ. ಸಿಗುತ್ತೆ. 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಅದಕ್ಕೆ ಅವಕಾಶ ಇದೆ. ಆಗ ಅಂಥ ಗಾಡಿಗೆ ‘ಇನ್‌ವ್ಯಾಲಿಡ್ ಕ್ಯಾರೇಜ್’ ಅಂತ ಹೆಸರಿತ್ತು, 2019ರ ತಿದ್ದುಪಡಿಯಲ್ಲಿ ‘ಅಡಾಪ್ಟೆಡ್ ವೆಹಿಕಲ್’ ಆಯ್ತು. ಮೊದಲಿನ ಹೆಸರು ಕೇಳೋಕೇ ಕೆಟ್ಟದಾಗಿತ್ತು ಬಿಡಿ.

ಕಷ್ಟ ಇರೋದು ಕಲಿಯೋದ್ರಲ್ಲಿ. ಟೆಸ್ಟ್ ಕೊಡಬೇಕಾದ್ದು ಯಾವ ಥರದ ಗಾಡಿಗೆ ಲೈಸೆನ್ಸ್ ಬೇಕೋ ಅದೇ ಥರದ ಗಾಡಿಯಲ್ಲಿ. ಕುಮಟಾ ತಾಲೂಕಿನ ಸಂತೆಗುಳಿಯವರೊಬ್ಬರು ಅಂತಿಟ್ಟುಕೊಳ್ಳಿ. ಅವರ ಆರ್‌ಟಿಓ ಹೊನ್ನಾವರ, ಅಂದ್ರೆ ಕೆಎ 47. ಡ್ರೈವಿಂಗ್ ಸ್ಕೂಲಿನಲ್ಲಿ ಸಾಮಾನ್ಯವಾಗಿ ಇರೋದು ಮೂರು ಪೆಡಲ್ಲಿನ ಕಾರು. ಹಾಗಾಗಿ ಪಾಸಾಗ್ತೀನೋ ಇಲ್ವೋ ಗೊತ್ತಾಗೋ ಮೊದಲೇ ಸ್ವಂತ ಸ್ಕೂಟಿ ಕೊಂಡು, ಮಾಡಿಫೈ ಮಾಡಿಸಿ, ಅದನ್ನ ಆರ್‌ಸಿಯಲ್ಲಿ ಬರೆಸಬೇಕು. ಎಲ್‌ಎಲ್‌ಆರ್ ಇರೋದು ಆರೇ ತಿಂಗಳು. ನಮಗಾದ್ರೆ ಅಣ್ಣನ ಬೈಕ್ ಸಾಕು.

ಇನ್ನು ಮೆಕ್ಯಾನಿಕಲ್‌ನವರು ಗಮನಿಸಬೇಕಾದ್ದು. ಹಿಂದೆ ಎರಡು ಸೈಡ್ ವೀಲ್ ಹಾಕಿದ ಕೂಡಲೇ ಸ್ಕೂಟಿ ವಾಲೋದನ್ನ ಬಿಡುತ್ತೆ. ನಿಂತಾಗ ಕಾಲು ಊರೋದು ಬೇಡ, ಅದೇ ಅದರ ಲಾಭ. ಆದರೆ ತಿರುವಿನಲ್ಲಿ ಬೈಕಿನ ಹಾಗೆ ಒಳಕ್ಕೆ ವಾಲಿ ಸರಿದೂಗಿಸೋಕಾಗಲ್ಲ. ಭಾರ ಎಲ್ಲ ಹೊರಗಿನ ಚಕ್ರಕ್ಕೆ ಹೋಗುತ್ತೆ, ವೇಗ ಡಬಲ್ ಆದ್ರೆ ಹೊರಕ್ಕೆ ತಳ್ಳೋ ಬಲ ನಾಲ್ಕು ಪಟ್ಟು. ಅದಕ್ಕೇ ಬೈಕ್ ಓಡಿಸಿ ಗೊತ್ತಿದ್ದವರೂ ಇದನ್ನ ಹೊಸದಾಗಿ ಕಲೀಬೇಕು: ತಿರುವು ಬರೋ ಮೊದಲೇ ಬ್ರೇಕು, ಆಮೇಲೆ ಹ್ಯಾಂಡಲ್. ನಮ್ಮ ಘಟ್ಟದ ರಸ್ತೆಯಲ್ಲಂತೂ ಖಂಡಿತ.