ಪೈಲಟ್‌ಗಳ ವಲಸೆ: ನೋಟಿಸ್ ಅವಧಿಯೊಂದೇ ತಡೆಯಬಲ್ಲುದೆ?

ಹೆಸರಘಟ್ಟ: ಬೆಂಗಳೂರಿನ ಉತ್ತರ ಭಾಗಕ್ಕೂ ವಿಮಾನಗಳಿಗೂ ಇರುವ ನಂಟು ಹಳೆಯದು. ಮೈಸೂರು ಸಂಸ್ಥಾನದ ಸರಕಾರ ಜಕ್ಕೂರಿನಲ್ಲಿ ವೈಮಾನಿಕ ತರಬೇತಿ ಶಾಲೆಯನ್ನು ಸ್ಥಾಪಿಸಿದ್ದು 1948ರಲ್ಲಿ. ಯಲಹಂಕದಲ್ಲಿ 1996ರಿಂದ ಏರೋ ಇಂಡಿಯಾ ಪ್ರದರ್ಶನ ನಡೆಯುತ್ತಿದೆ. 2008ರ ಮೇ ತಿಂಗಳಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಕಾರ್ಯನಿರ್ವಹಿಸುತ್ತಿದೆ. ಹೆಸರಘಟ್ಟದಿಂದ ಹೆಬ್ಬಾಳದವರೆಗಿನ ಮನೆಗಳಲ್ಲಿ ಮಕ್ಕಳು ಪೈಲಟ್ ಆಗುವ ಕನಸು ಕಾಣುವುದು ಅಚ್ಚರಿಯೇನಲ್ಲ. ಆದರೆ ಹಾಗೆ ಪೈಲಟ್ ಆದವರಲ್ಲಿ ಹಲವರು ದುಬೈ, ದೋಹಾಗಳತ್ತ ಮುಖ ಮಾಡುವುದೇಕೆ?

ಸಂಬಳ ಮೊದಲ ಕಾರಣವೆಂಬುದು ನಿಜ. ಕೊಲ್ಲಿ ರಾಷ್ಟ್ರಗಳಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ. ಅಲ್ಲಿನ ದೊಡ್ಡ ಸಂಸ್ಥೆಗಳು ವಸತಿ, ಮಕ್ಕಳ ಶಿಕ್ಷಣದ ವೆಚ್ಚಗಳನ್ನೂ ನೋಡಿಕೊಳ್ಳುತ್ತವೆ. ಆದರೆ ಹಣವೊಂದೇ ಕಾರಣವಲ್ಲ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ.

ಈ ನಗರದ ಕಿಂಗ್‌ಫಿಷರ್ ಸಂಸ್ಥೆ 2005ರ ಮೇ ತಿಂಗಳಲ್ಲಿ ಹಾರಾಟ ಆರಂಭಿಸಿತು. ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ್ದ ಏರ್ ಡೆಕ್ಕನ್ ಅನ್ನೂ ತನ್ನೊಳಗೆ ಸೇರಿಸಿಕೊಂಡಿತು. 2012ರ ವೇಳೆಗೆ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿಯಿತು. ಪೈಲಟ್‌ಗಳು ಒಬ್ಬೊಬ್ಬರಾಗಿ ಬೇರೆ ಸಂಸ್ಥೆಗಳ ದಾರಿ ಹಿಡಿದರು. ಅದೇ ಅಕ್ಟೋಬರ್‌ನಲ್ಲಿ ಸಿಬ್ಬಂದಿ ಮುಷ್ಕರದ ನಡುವೆ ಹಾರಾಟ ನಿಂತಿತು, ಪರವಾನಗಿಯೂ ಅಮಾನತಾಯಿತು. ದುಡಿದ ಸಂಬಳವೇ ಕೈಸೇರದಾಗ ಯಾವ ಕರಾರು ತಾನೇ ನೌಕರನನ್ನು ಹಿಡಿದಿಟ್ಟೀತು?

ಪೈಲಟ್‌ನ ಕೊರತೆ ಬೇರೆ ನೌಕರರ ಕೊರತೆಯಂತಲ್ಲ. ವಾಣಿಜ್ಯ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಕಮಾಂಡರ್ ಆಗಲು ಅಗತ್ಯವಾದ ಉನ್ನತ ಪರವಾನಗಿಗೆ 1,500 ಗಂಟೆಗಳು ಬೇಕು. ಒಂದೊಂದು ಮಾದರಿಯ ವಿಮಾನಕ್ಕೂ ಪ್ರತ್ಯೇಕ ತರಬೇತಿ ಬೇರೆ. ಇಂದು ತೆರವಾದ ಕಮಾಂಡರ್ ಆಸನವನ್ನು ನಾಳೆಯೇ ತುಂಬಲಾಗದು.

ಈ ಕಾರಣಕ್ಕೇ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2017ರಲ್ಲಿ ಕಮಾಂಡರ್‌ಗಳಿಗೆ ಒಂದು ವರ್ಷದ, ಸಹ ಪೈಲಟ್‌ಗಳಿಗೆ ಆರು ತಿಂಗಳ ನೋಟಿಸ್ ಅವಧಿಯನ್ನು ನಿಗದಿಪಡಿಸಿತು. ಪ್ರಯಾಣಿಕರಿಗೆ ತೊಂದರೆಯಾಗಬಾರದೆಂಬುದು ಉದ್ದೇಶ. ಪೈಲಟ್‌ಗಳ ಸಂಘಟನೆಗಳು ಇದನ್ನು ವಿರೋಧಿಸಿದವು. ಆದರೂ ವಲಸೆ ನಿಲ್ಲಲಿಲ್ಲ. 2023ರಲ್ಲಿ ಆಕಾಶ ಏರ್ ಸಂಸ್ಥೆ, ನೋಟಿಸ್ ಅವಧಿ ಪೂರೈಸದೆ ಹೊರಟ ಪೈಲಟ್‌ಗಳ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ಹಣದಷ್ಟೇ ಮುಖ್ಯವಾದುದು ಆಯಾಸದ ಪ್ರಶ್ನೆ. 2024ರ ಜನವರಿಯಲ್ಲಿ ನಿರ್ದೇಶನಾಲಯ ಕರ್ತವ್ಯಾವಧಿಯ ಹೊಸ ನಿಯಮಗಳನ್ನು ಪ್ರಕಟಿಸಿತು. ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿತು. ರಾತ್ರಿ ಪಾಳಿಯ ಲೆಕ್ಕ ಬೆಳಗಿನ 6 ಗಂಟೆಯವರೆಗೆ ವಿಸ್ತರಿಸಿತು, ಆ ವೇಳೆಯಲ್ಲಿ ಇಳಿಸುವಿಕೆಗಳ ಮಿತಿ ಆರರಿಂದ ಎರಡಕ್ಕೆ ಇಳಿಯಿತು. 2024ರ ಜೂನ್‌ನಲ್ಲಿ ಜಾರಿಯಾಗಬೇಕಿದ್ದ ಈ ನಿಯಮಗಳು ಮುಂದೂಡಲ್ಪಟ್ಟು, 2025ರ ಜುಲೈ ಮತ್ತು ನವೆಂಬರ್‌ಗಳಲ್ಲಿ ಎರಡು ಹಂತಗಳಲ್ಲಿ ಬಂದವು.

ಅದರ ಬೆನ್ನಿಗೇ, 2025ರ ಡಿಸೆಂಬರ್‌ನ ಮೊದಲ ವಾರದಲ್ಲಿ, ಇಂಡಿಗೋ ಸಂಸ್ಥೆಯ ಸಾವಿರಾರು ಹಾರಾಟಗಳು ರದ್ದಾದವು. ಬೆಂಗಳೂರು ಸೇರಿದಂತೆ ದೇಶದ ಹಲವು ನಿಲ್ದಾಣಗಳಲ್ಲಿ ಪ್ರಯಾಣಿಕರು ಪರದಾಡಿದರು. ಸರಕಾರ ಆ ಸಂಸ್ಥೆಗೆ ರಾತ್ರಿ ಪಾಳಿಯ ನಿಯಮಗಳಿಂದ ತಾತ್ಕಾಲಿಕ ವಿನಾಯಿತಿ ನೀಡಿತು. ಪೈಲಟ್‌ಗಳಿಗೆ ಸಿಗಬೇಕಾದ ವಿಶ್ರಾಂತಿಗೆ ತಕ್ಕಷ್ಟು ಪೈಲಟ್‌ಗಳನ್ನು ಮುಂಚಿತವಾಗಿ ಸಿದ್ಧಪಡಿಸಿಕೊಳ್ಳದಿದ್ದರೆ ಏನಾಗುತ್ತದೆಂಬುದು ಅಂದು ಎಲ್ಲರಿಗೂ ಕಂಡಿತು.

ಸಂಸ್ಥೆಗಳ ಅಳಲಿನಲ್ಲಿಯೂ ಹುರುಳಿದೆ. ಹಣ ಸುರಿದು ತರಬೇತಿ ಕೊಟ್ಟವರು ಏಕಾಏಕಿ ಹೊರಟರೆ ನಷ್ಟ ಖಂಡಿತ. ಆದರೆ ನೋಟಿಸ್ ಅವಧಿ ನಿರ್ಗಮನವನ್ನು ಒಂದು ವರ್ಷ ಮುಂದೂಡಬಲ್ಲುದೇ ಹೊರತು ಹೊರಡುವ ಕಾರಣವನ್ನು ಅಳಿಸಲಾರದು. ಸಕಾಲಕ್ಕೆ ಸಂಬಳ, ಸಾಕಷ್ಟು ನಿದ್ರೆ, ಮೊದಲೇ ತಿಳಿಯುವ ಪಾಳಿ ಪಟ್ಟಿ ಇವು ಪೈಲಟ್‌ಗೆ ಕೊಡುವ ಔದಾರ್ಯವಲ್ಲ. ಆತನ ಹಿಂದೆ ಕುಳಿತ ನೂರೆಂಬತ್ತು ಮಂದಿಯ ಸುರಕ್ಷತೆಯೂ ಅದರಲ್ಲಿಯೇ ಅಡಗಿದೆ.